ಶೇಕಡಾ ಮೂವತ್ತು ಮತ್ತು ಹದ ಮಳೆ

ಭಾನುವಾರ ಚಳ್ಳಕೆರೆ ಹತ್ತಿರದ ನಮ್ಮ ಹಳ್ಳಿಗೆ ಫೋನ್ ಮಾಡಿದರೆ ಚಿಕ್ಕಪ್ಪ ಕ್ಷೇಮ ಸಮಾಚಾರಕ್ಕೂ ಮೊದಲು ಕೇಳುವುದು ಒಂದೇ: "ನಿಮ್ಮ ಕಡೆ ಮಳೆ ಹೇಗಪ್ಪಾ?" ನಾನಿರುವುದು ಅಮೆರಿಕದ ಕ್ಯಾನ್ಸಸ್ ರಾಜ್ಯದ ಪಶ್ಚಿಮ ಭಾಗದ ಒಂದು ಪುಟ್ಟ ಪಟ್ಟಣದಲ್ಲಿ. ಇದೂ ಮಳೆನೆರಳಿನ ಬಯಲೇ. ಅಲ್ಲಿ ಪಶ್ಚಿಮ ಘಟ್ಟ ಮೋಡವನ್ನು ಹಿಂಡಿ ಆಗುಂಬೆಗೆ ಸುರಿದು, ದುರ್ಗದವರಿಗೆ ಬರಿಯ ಗಾಳಿಯನ್ನು ಕಳಿಸುತ್ತದೆ. ಇಲ್ಲಿ ರಾಕಿ ಪರ್ವತಗಳಿಗೆ ಅದೇ ಕೆಲಸ. ವರ್ಷಕ್ಕೆ ಸುಮಾರು 500 ಮಿಲಿಮೀಟರ್ ಮಳೆ, ಹೊಲದ ತುಂಬ ಗಾಳಿಯಂತ್ರ. ಜೋಗಿಮಟ್ಟಿಯ ಗಾಳಿಯಲ್ಲಿ ಬೆಳೆದ ನನಗೆ ಪರದೇಶ ಎನ್ನಿಸಿದ್ದು ಇಲ್ಲಿನ ನೆಲವಲ್ಲ, ಮಳೆಯ ಬಗ್ಗೆ ಇಲ್ಲಿನವರು ಮಾತಾಡುವ ರೀತಿ.

ಇಲ್ಲಿ ವಾರದ ಮುನ್ಸೂಚನೆ ಎಂದರೆ ಏಳು ಮನೆಗಳ ಒಂದು ಪಟ್ಟಿ. ಮಂಗಳವಾರ ಮಳೆ ಶೇಕಡಾ 30, ಬುಧವಾರ 60. ಮೊದಲ ವರ್ಷ ನಾನು ಇದನ್ನು ದಿನದ ಮೂರನೇ ಒಂದು ಭಾಗ ಮಳೆ ಎಂದುಕೊಂಡಿದ್ದೆ. ಹಾಗಲ್ಲವಂತೆ. ನಾವು ನಿಂತ ಜಾಗದಲ್ಲಿ ಆ ಅವಧಿಯಲ್ಲಿ ಅಳೆಯಲು ಸಿಗುವಷ್ಟು, ಅಂದರೆ ಕಾಲು ಮಿಲಿಮೀಟರ್ ಆದರೂ ಬೀಳುವ ಸಾಧ್ಯತೆ ಅದು. ಕಾಲು ಮಿಲಿಮೀಟರ್! ನಮ್ಮ ಕಡೆ ಅದಕ್ಕೆ ಮಳೆ ಎಂಬ ಹೆಸರನ್ನೂ ಕೊಡುವುದಿಲ್ಲ. ಅಂಗಳದ ಧೂಳೂ ಅಡಗದ ನಾಲ್ಕು ಹನಿ.

ಸುಂಟರಗಾಳಿಯ ವಿಷಯಕ್ಕೆ ಬಂದಾಗ ಮಾತ್ರ ಇವರಿಗೆ ಕೈ ಮುಗಿಯಬೇಕು. ವಾತಾವರಣ ಹದಗೊಂಡಿದೆ, ಎಚ್ಚರವಿರಲಿ ಎನ್ನುವುದು ಒಂದು ಹಂತ. ಸುಂಟರಗಾಳಿ ಕಂಡಿದೆ, ಈಗಲೇ ನೆಲಮಾಳಿಗೆಗೆ ಇಳಿಯಿರಿ ಎನ್ನುವುದು ಮುಂದಿನ ಹಂತ. ಊರಿಗೆ ಊರೇ ಕೇಳುವಂತೆ ಸೈರನ್ ಕೂಗುತ್ತದೆ, ಶಾಲೆಯ ಮಕ್ಕಳಿಗೂ ಅದರ ಅರ್ಥ ಗೊತ್ತು. 2007ರ ಮೇ 4ರ ರಾತ್ರಿ ಇದೇ ರಾಜ್ಯದ ಗ್ರೀನ್ಸ್‌ಬರ್ಗ್ ಎಂಬ ಊರು ಹೆಚ್ಚುಕಡಿಮೆ ಪೂರ್ತಿ ನೆಲಸಮವಾಯಿತು. ಆದರೂ ಬಹುತೇಕ ಜನ ಬದುಕಿಕೊಂಡರು, ಏಕೆಂದರೆ ಮೊದಲೇ ಸಿಕ್ಕ ಸೂಚನೆಯಲ್ಲಿ ಮಾಡಬೇಕಾದದ್ದೇನು ಎಂಬುದು ಸ್ಪಷ್ಟವಾಗಿತ್ತು.

ನಮ್ಮಲ್ಲಿ ಪತ್ರಿಕೆಯ ಮೂಲೆಯಲ್ಲಿ ಬರುವ ಸಾಲು ನೆನಪಿಸಿಕೊಳ್ಳಿ: "ಜಿಲ್ಲೆಯ ಅಲ್ಲಲ್ಲಿ ಹಗುರದಿಂದ ಸಾಧಾರಣ ಮಳೆ." ಹವಾಮಾನ ಇಲಾಖೆಯ ಲೆಕ್ಕದಲ್ಲಿ ಪ್ರತಿ ಪದಕ್ಕೂ ಅಳತೆಯಿದೆ. ಅಲ್ಲಲ್ಲಿ ಎಂದರೆ ಕಾಲು ಭಾಗಕ್ಕಿಂತ ಹೆಚ್ಚಲ್ಲದ ಕೇಂದ್ರಗಳಲ್ಲಿ. ಹಗುರ ಮಳೆ 2.5 ಮಿಲಿಮೀಟರಿನಿಂದ ಶುರುವಾಗುತ್ತದೆ, ಸಾಧಾರಣ ಮಳೆ 64.4ರವರೆಗೆ ಹೋಗುತ್ತದೆ. ಒಂದು ತುದಿಯಲ್ಲಿ ಶೇಂಗಾ ಬಿತ್ತಲು ಸಾಲದು, ಇನ್ನೊಂದು ತುದಿಯಲ್ಲಿ ಬದು ಒಡೆದು ಮಣ್ಣು ಕೊಚ್ಚಿಹೋಗುತ್ತದೆ. ಎರಡನ್ನೂ ಒಂದೇ ಸಾಲಿನಲ್ಲಿ ಹೇಳಿದರೆ ರೈತ ಏನು ಮಾಡಬೇಕು?

ಚಿಕ್ಕಪ್ಪ ಮಾಡುವುದು ಇಷ್ಟೇ: ಪಂಚಾಂಗ ನೋಡುತ್ತಾರೆ. ರೋಹಿಣಿ, ಮೃಗಶಿರ, ಆರಿದ್ರ, ಒಂದೊಂದಕ್ಕೂ ಹದಿಮೂರು ಹದಿನಾಲ್ಕು ದಿನ. "ಆದರೆ ಆರಿದ್ರ, ಇಲ್ಲದಿದ್ದರೆ ದರಿದ್ರ" ಎನ್ನುವಾಗ ಅವರ ಧ್ವನಿಯಲ್ಲಿ ಅನುಮಾನವೇ ಇರುವುದಿಲ್ಲ. ನನಗೆ ಇದೆ. ಮಳೆ ನಕ್ಷತ್ರಗಳ ದಿನಾಂಕ ಸೂರ್ಯನ ಲೆಕ್ಕದ್ದು, ಮೋಡದ್ದಲ್ಲ. ಸಾಲದ್ದಕ್ಕೆ, ನಕ್ಷತ್ರದ ವರ್ಷಕ್ಕೂ ಋತುವಿನ ವರ್ಷಕ್ಕೂ ಇರುವ ಸಣ್ಣ ವ್ಯತ್ಯಾಸದಿಂದ ಸುಮಾರು ಎಪ್ಪತ್ತು ವರ್ಷಕ್ಕೆ ಒಂದು ದಿನದಂತೆ ಇವು ಮುಂದೆ ಸರಿಯುತ್ತಿವೆ. ಗಾದೆ ಕಟ್ಟಿದವರ ಆರಿದ್ರಕ್ಕೂ ಇಂದಿನ ಆರಿದ್ರಕ್ಕೂ ಒಂದು ವಾರದ ಅಂತರವಿದ್ದರೆ ಆಶ್ಚರ್ಯವಿಲ್ಲ. ಇದನ್ನು ಹೇಳಿದಾಗ ಚಿಕ್ಕಪ್ಪ, "ವಾರ ತಾನೇ, ಕಾಯುತ್ತೇವೆ ಬಿಡು" ಎಂದರು.

ಆದರೂ ನನ್ನ ಮತ ಅರ್ಧ ಅವರ ಕಡೆಗೇ ಇದೆ. ಅವರ ಬಳಿ ಸರಿಯಾದ ಪದಗಳಿವೆ. ಉಳುಮೆಗೆ ಸಾಕಾಗುವ ಮಳೆ, ಬಿತ್ತುವ ಹದದ ಮಳೆ, ಬರಿಯ ಜಿಟಿಜಿಟಿ ಸೋನೆ. ಮಳೆ ನಿಂತ ಮರುದಿನ ಹೊಲದಲ್ಲಿ ಮಣ್ಣು ಕೆದಕಿ "ಗೇಣು ಹಸಿ ಇಳಿದಿದೆ" ಎನ್ನುತ್ತಾರೆ. ಇಲ್ಲಿ ನನ್ನ ಪಕ್ಕದ ಮನೆಯ ನಿವೃತ್ತ ರೈತರು ದಿನಾ ಬೆಳಿಗ್ಗೆ ಹಿತ್ತಲಿನ ಮಳೆಮಾಪಕ ನೋಡಿ ಅಂಕಿಯನ್ನು ಕಳಿಸುತ್ತಾರೆ. 1998ರಲ್ಲಿ ಕೊಲೊರಾಡೊದಲ್ಲಿ ಶುರುವಾದ ಸ್ವಯಂಸೇವಕರ ಜಾಲ ಅದು. ನಮ್ಮಲ್ಲಿ ಸರ್ಕಾರವೇ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಸ್ವಯಂಚಾಲಿತ ಮಳೆಮಾಪಕಗಳನ್ನು ಹಾಕಿದೆ. ಮಂಗಳವಾರ, ಶುಕ್ರವಾರ ಕೃಷಿ ಸಲಹೆಯೂ ಹೊರಡುತ್ತದೆ. ಯಂತ್ರದ ಅಂಕಿ ಯಂತ್ರದಲ್ಲೇ, ಚಿಕ್ಕಪ್ಪನ ಗೇಣು ಹೊಲದಲ್ಲೇ. ಎರಡಕ್ಕೂ ಭೇಟಿಯೇ ಆಗಿಲ್ಲ.

ಇನ್ನೊಂದು ಮಾತು. ಊರಿನ ಹೆಸರು ಹಾಕಿ ಹುಡುಕುವ ಮೊಬೈಲ್ ಮುನ್ಸೂಚನೆ ನಮ್ಮ ಕಡೆ ಅರ್ಧ ಕಥೆಯನ್ನಷ್ಟೇ ಹೇಳುತ್ತದೆ. ದಾವಣಗೆರೆಯ ಭತ್ತದ ಗದ್ದೆಗೆ ನೀರು ಬರುವುದು ಭದ್ರಾ ನಾಲೆಯಿಂದ, ಅಲ್ಲಿನ ರೈತ ನೋಡಬೇಕಾದದ್ದು ಚಿಕ್ಕಮಗಳೂರಿನ ಆಕಾಶವನ್ನು. ಹಿರಿಯೂರಿನ ವಾಣಿವಿಲಾಸ ಸಾಗರವೂ ಹಾಗೆಯೇ. ವೇದಾವತಿ ಹುಟ್ಟುವುದು ಬಾಬಾಬುಡನ್‌ಗಿರಿಯ ಸಾಲಿನಲ್ಲಿ. 1933ರಲ್ಲಿ ತುಂಬಿದ್ದ ಆ ಜಲಾಶಯ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಅಂದು ಚಿಕ್ಕಪ್ಪ ಬಸ್ ಹತ್ತಿ ಕೋಡಿ ನೋಡಲು ಹೋಗಿದ್ದರು. ಎಂಬತ್ತೊಂಬತ್ತು ವರ್ಷಗಳ ಮೇಲೆ ಬಂದ ನೀರನ್ನು ವಿಡಿಯೊದಲ್ಲಿ ತೋರಿಸುತ್ತಾ, "ನಿಮ್ಮ ಕಡೆ ಇದಕ್ಕೆ ಎಷ್ಟು ಶೇಕಡಾ ಎನ್ನುತ್ತಾರೋ?" ಎಂದು ಕೇಳಿದರು.