ಹಾಸಿದ್ದನ್ನೇ ಹಾಸುವ ಊರು

ಅಮ್ಮನ ಮನೆಗೆ ಹೋದಾಗಲೆಲ್ಲ ಜಯನಗರದ ಆ ಪುಟ್ಟ ಪಾರ್ಕಿನಲ್ಲಿ ನಾಲ್ಕು ಸುತ್ತು ಹಾಕುವುದು ನನ್ನ ರೂಢಿ. ಇವತ್ತು ಗೇಟಿನಲ್ಲೇ ತಡೆದರು. ಕಾಮಗಾರಿಯಂತೆ. ಇಣುಕಿದರೆ, ಒಂದು ಬಿರುಕೂ ಇಲ್ಲದ ಪೇವರ್ ಬ್ಲಾಕ್‌ಗಳನ್ನು ಹಾರೆಯಿಂದ ಎಬ್ಬಿಸಿ ಟ್ರ್ಯಾಕ್ಟರಿಗೆ ತುಂಬುತ್ತಿದ್ದಾರೆ. ಹಳೆಯವು ಕೆಂಪು, ಹೊಸವು ಬೂದು. ನನಗೆ ಕಂಡ ವ್ಯತ್ಯಾಸ ಅಷ್ಟೇ.

"ಇದ್ದದ್ದಕ್ಕೆ ಏನಾಗಿತ್ತಪ್ಪ?" ಎಂದೆ.

"ಅದಕ್ಕೇನೂ ಆಗಿಲ್ಲ ಮೇಡಂ, ಟೆಂಡರ್ ಆಗಿದೆ" ಎಂದ ಮೇಸ್ತ್ರಿ.

ನಾನಿರುವುದು ಬೆಂಗಳೂರಿನ ಅಂಚಿನಲ್ಲಿ. 2007ರಲ್ಲಿ ನಗರಕ್ಕೆ ಸೇರಿಸಿಕೊಂಡ 110 ಹಳ್ಳಿಗಳಲ್ಲಿ ಒಂದು. ರೆವೆನ್ಯೂ ಬಡಾವಣೆ, ಅಂದರೆ ಮಂಜೂರಾದ ನಕ್ಷೆಯಿಲ್ಲದೆ ಕೃಷಿ ಭೂಮಿಯಲ್ಲೇ ಸೈಟು ಮಾಡಿದ್ದು. ಪಾರ್ಕ್ ಹಾಳಾಗುವ ಚಿಂತೆಯೇ ನಮಗಿಲ್ಲ, ಇದ್ದರೆ ತಾನೆ! ಬಿಡಿಎ (ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ) ಬಡಾವಣೆ ಮಾಡಿದರೆ ಕಾಯ್ದೆಯ ಪ್ರಕಾರ ಕನಿಷ್ಠ ಶೇ 15ರಷ್ಟು ಜಾಗವನ್ನು ಉದ್ಯಾನ, ಆಟದ ಮೈದಾನಗಳಿಗೆ ಬಿಡಬೇಕು. ನಮ್ಮಲ್ಲಿ ರಾಗಿ ಹೊಲಕ್ಕೆ ಸುಣ್ಣದ ಗೆರೆ ಎಳೆದು ಸೈಟು ಮಾರಿದವರು ಮೂಲೆಯಲ್ಲಿ ಗಣೇಶನ ಗುಡಿಗೆ ಜಾಗ ಬಿಟ್ಟದ್ದೇ ಪುಣ್ಯ. ಅನುದಾನವೋ ಪಾರ್ಕ್ ಇದ್ದಲ್ಲಿಗೇ ಹೋಗುತ್ತದೆ. ನಿರ್ವಹಣೆಗೆ, ಕಾರಂಜಿಗೆ, ಕೆಟ್ಟ ಕಾರಂಜಿಯ ದುರಸ್ತಿಗೆ, ಮತ್ತೆ ನಿರ್ವಹಣೆಗೆ. ಇಲ್ಲದ ಪಾರ್ಕಿಗೆ ಯಾವ ಇಂಜಿನಿಯರ್ ಅಂದಾಜುಪಟ್ಟಿ ಬರೆಯುತ್ತಾರೆ?

"ಅಲ್ಲಿಯವರು ಹೆಚ್ಚು ತೆರಿಗೆ ಕಟ್ಟುತ್ತಾರೆ, ಅವರ ದುಡ್ಡು ಅವರಿಗೆ" ಎಂದು ನನ್ನ ಅಣ್ಣನೇ ವಾದಿಸುತ್ತಾನೆ. ಸರಿಯಪ್ಪ. ಅವರ ಮನೆಗೆ ಬೆಲೆ ಹೆಚ್ಚು, ಅದಕ್ಕೆ ತೆರಿಗೆಯೂ ಹೆಚ್ಚು. ಆ ಬೆಲೆಯಲ್ಲಿ ಎದುರಿಗಿರುವ ಪಾರ್ಕಿನ ಪಾಲೆಷ್ಟು ಎಂದು ಯಾವ ಬ್ರೋಕರನ್ನಾದರೂ ಕೇಳಿ ನೋಡು. ಪಾರ್ಕ್ ಇದ್ದುದರಿಂದ ಬೆಲೆ, ಬೆಲೆ ಇದ್ದುದರಿಂದ ಪಾರ್ಕಿಗೆ ದುಡ್ಡು! ನಾವೂ ಆಸ್ತಿ ತೆರಿಗೆ ಕಟ್ಟುತ್ತೇವೆ, ಅದರ ಮೇಲೆ ಗ್ರಂಥಾಲಯದ ಸೆಸ್, ಭಿಕ್ಷುಕರ ಸೆಸ್ಸನ್ನೂ ಕಟ್ಟುತ್ತೇವೆ. (ಗ್ರಂಥಾಲಯವೂ ನಮ್ಮಲ್ಲಿಲ್ಲ. ಆ ಜಗಳ ಇನ್ನೊಮ್ಮೆ.)

ಕೇಳೋಣವೆಂದರೆ ಯಾರನ್ನು? 2020ರ ಸೆಪ್ಟೆಂಬರ್‌ನಲ್ಲಿ ಕಾರ್ಪೊರೇಟರ್‌ಗಳ ಅವಧಿ ಮುಗಿದ ಮೇಲೆ, ವಾರ್ಡಿನ ದುಡ್ಡು ಎಲ್ಲಿ ಹೋಯಿತು ಎಂದು ಮನೆ ಬಾಗಿಲಿಗೆ ಹೋಗಿ ಬೈಯಲು ಕೂಡ ವರ್ಷಗಟ್ಟಲೆ ಒಬ್ಬರಿರಲಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಒಂದಿದ್ದ ಪಾಲಿಕೆ ಐದಾಯಿತು. ನಮ್ಮ ಪಾರ್ಕ್ ಸೊನ್ನೆಯಿಂದ ಒಂದಾಗಲಿಲ್ಲ.

ಇಷ್ಟೆಲ್ಲ ಹೇಳುವ ನಾನೇನು ಸಾಚಾ ಅಲ್ಲ. ಮೂರು ವರ್ಷದ ಹಿಂದೆ ಅದೇ ಪಾರ್ಕಿಗೆ ಓಪನ್ ಜಿಮ್ ಬೇಕೆಂಬ ಮನವಿಗೆ, ಅಮ್ಮನ ಮನೆಯ ವಿಳಾಸ ಕೊಟ್ಟು ನಾನೂ ಸಹಿ ಹಾಕಿದ್ದೆ. ಜಿಮ್ ಬಂತು. ಅಮ್ಮ ಮತ್ತವಳ ಗೆಳತಿಯರು ಅದರ ಸೀಟಿನ ಮೇಲೆ ಕುಳಿತು ಸೊಪ್ಪು ಬಿಡಿಸುತ್ತಾರೆ. ನಮ್ಮ ಬೀದಿಗೆ ಒಂದು ಪಾರ್ಕ್ ಬೇಕೆಂದು ಇವತ್ತಿನವರೆಗೆ ಎಲ್ಲಿಗೂ ಅರ್ಜಿ ಕೊಟ್ಟಿಲ್ಲ.

ಹೊರಡುವಾಗ ಮೇಸ್ತ್ರಿಯನ್ನು ಕೇಳಿ ಹನ್ನೆರಡು ಕೆಂಪು ಬ್ಲಾಕ್‌ಗಳನ್ನು ಕಾರಿನ ಡಿಕ್ಕಿಗೆ ಹಾಕಿಕೊಂಡೆ. ಸಂಜೆ ನಮ್ಮ ಗೇಟಿನ ಮುಂದಿನ ಕೆಸರಿಗೆ ಹಾಸಿದೆವು. ಮಗಳು ಅದರ ಮೇಲೆ ಕುಂಟೆಬಿಲ್ಲೆ ಆಡುತ್ತಿದ್ದಾಳೆ. ಸಾರ್ವಜನಿಕ ಆಸ್ತಿ ಎಂದು ದೂರು ಕೊಡುವವರು ಧಾರಾಳವಾಗಿ ಕೊಡಿ. ನೋಡಲು ಯಾರಾದರೂ ಅಧಿಕಾರಿ ನಮ್ಮ ಬೀದಿಗೆ ಬಂದಂತಾದರೂ ಆಗುತ್ತದೆ.