ಥ್ರೆಡ್ ಹೋದ ತೂತಿಗೆ ವೈರ್ ಇನ್ಸರ್ಟ್: ಹಾಕಬೇಕಾ, ಬೇಡ್ವಾ?

ಪರ: ಕಣ್ಮುಚ್ಚಿ ಹಾಕಿ

ಅಲ್ಯೂಮಿನಿಯಂ ಕೇಸಿಂಗಲ್ಲಿ ಬೋಲ್ಟ್ ಟೈಟ್ ಮಾಡ್ತಾ ಇರ್ತೀರಿ, ಇನ್ನೇನು ಆಯ್ತು ಅನ್ನೋ ಹೊತ್ತಿಗೆ ಕೈಗೆ ಒಂಥರಾ ಮೆತ್ತಗಾಗುತ್ತೆ, ಸ್ಪ್ಯಾನರ್ ತಿರುಗ್ತಾನೇ ಇರುತ್ತೆ, ಬೋಲ್ಟ್ ಮಾತ್ರ ಹಿಡಿಯಲ್ಲ, ತೂತಿನೊಳಗಿನ ಥ್ರೆಡ್ (ಬೋಲ್ಟ್ ಹಿಡ್ಕೊಳ್ಳೋ ಸುರುಳಿ ಗೀರು) ಹೋಗಿರುತ್ತೆ. ಆಮೇಲೆ ಜನ ಮಾಡೋ ಕೆಲಸ ನೋಡಿದ್ರೆ ಹೊಟ್ಟೆ ಉರಿಯುತ್ತೆ ರೀ. ಒಬ್ರು ಟೆಫ್ಲಾನ್ ಟೇಪ್ ಸುತ್ತಿ ಹಾಕ್ತಾರೆ, ಇನ್ನೊಬ್ರು ತೂತಿಗೆ ಎಪಾಕ್ಸಿ ತುಂಬ್ತಾರೆ, ಮತ್ತೊಬ್ಬ ಮಹಾನುಭಾವ ಒಂದು ಸೈಜ್ ದಪ್ಪ ಬೋಲ್ಟನ್ನ, ಥ್ರೆಡ್ ಕೊರೆಯೋ ಟ್ಯಾಪೂ ಹೊಡೀದೆ ಹಾಗೇ ಬಲವಂತವಾಗಿ ಇಳಿಸ್ತಾನೆ. ಹೆಲಿಕಾಯಿಲ್ ಅಂತ ಎಲ್ರೂ ಕರೆಯೋ ವೈರ್ ಇನ್ಸರ್ಟ್ ಇರೋವಾಗ ಇದೆಲ್ಲ ಯಾಕೆ ಬೇಕು?

ಗೊತ್ತಿಲ್ದೋರಿಗೆ ಒಂದ್ಸಲ ಹೇಳ್ತೀನಿ. ಇದು ಸ್ಟೇನ್‌ಲೆಸ್ ಸ್ಟೀಲ್ ತಂತಿ, ತಂತಿಯನ್ನ ಅಡ್ಡ ಕತ್ತರಿಸಿ ನೋಡಿದ್ರೆ ಗುಂಡಗಿರಲ್ಲ, ಡೈಮಂಡ್ ಆಕಾರ ಇರುತ್ತೆ, ಅದನ್ನ ಸುರುಳಿ ಸುತ್ತಿರ್ತಾರೆ, ಹಾಗಾಗಿ ಹೊರಗಡೆಯೂ ಥ್ರೆಡ್ಡು ಒಳಗಡೆಯೂ ಥ್ರೆಡ್ಡು. ಹಾಳಾದ ತೂತನ್ನ ಸ್ವಲ್ಪ ದೊಡ್ಡದು ಮಾಡಿ (ಎಂ6, ಅಂದ್ರೆ 6 ಎಂಎಂ ಬೋಲ್ಟ್ ಆದ್ರೆ ಹತ್ತತ್ರ 6.3 ಎಂಎಂ ಡ್ರಿಲ್), ಕಿಟ್‌ನಲ್ಲೇ ಬರೋ ಸ್ಪೆಷಲ್ ಟ್ಯಾಪ್ ಹೊಡೀಬೇಕು. ಪಿಚ್ (ಒಂದು ಸುತ್ತಿಂದ ಇನ್ನೊಂದು ಸುತ್ತಿಗಿರೋ ದೂರ) ಹಳೇದೇ, ವ್ಯಾಸ ಮಾತ್ರ ಜಾಸ್ತಿ. ಇನ್ಸರ್ಟ್ ಹೊರಗಿದ್ದಾಗ ತೂತಿಗಿಂತ ತುಸು ದಪ್ಪ ಇರುತ್ತೆ, ಟೂಲ್ ಅದನ್ನ ಬಿಗಿಮಾಡ್ಕೊಂಡು ಒಳಗೆ ಇಳಿಸುತ್ತೆ, ಬಿಟ್ಟ ತಕ್ಷಣ ಅಗಲ ಆಗಿ ಗೋಡೆಗೆ ಒತ್ಕೊಂಡು ಕೂತ್ಬಿಡುತ್ತೆ. ಅಂಟು ಬೇಡ, ವೆಲ್ಡಿಂಗ್ ಬೇಡ. ತಂತಿಯ ಮೇಲ್ತುದಿ ಮೇಲ್ಮೈಯಿಂದ ಕಾಲು ಅಥವಾ ಅರ್ಧ ಸುತ್ತು ಕೆಳಗಿರಬೇಕು, ಮೇಲೆ ಎದ್ದಿದ್ರೆ ಬೋಲ್ಟ್ ತಲೆ ಅದನ್ನ ಒತ್ತಿ ಹಾಳುಮಾಡುತ್ತೆ. ಆಮೇಲೆ ಬುಡದಲ್ಲಿ ಅಡ್ಡಕ್ಕಿರೋ ಪುಟ್ಟ ನಾಲಿಗೆಗೆ ಪಂಚ್ ಇಟ್ಟು ಒಂದೇ ಏಟು, ಟಿಕ್ ಅಂತ ಮುರ್ಕೊಳ್ಳುತ್ತೆ. ಮುಗೀತು, ಮೊದಲಿದ್ದ ಅದೇ ಬೋಲ್ಟೇ ಹಾಕಬಹುದು.

ಈಗ ಮುಖ್ಯ ವಿಷಯ: ರಿಪೇರಿ ಮಾಡಿದ್ದು ಹೊಸದಕ್ಕಿಂತ ಗಟ್ಟಿ. ಹೌದು, ಗಟ್ಟಿ. ಅಲ್ಯೂಮಿನಿಯಂ ಥ್ರೆಡ್ ಕಿತ್ಕೊಂಡು ಬರೋದು ಅಲ್ಯೂಮಿನಿಯಂ ಮೆತ್ತಗಿರೋದ್ರಿಂದ. ಮೊದಲು ಆ ಮೆತ್ತನೆ ಲೋಹ 6 ಎಂಎಂ ವ್ಯಾಸದಲ್ಲಿ ಭಾರ ಹೊರ್ತಿತ್ತು, ಈಗ ಸುಮಾರು 7.3 ಎಂಎಂನಲ್ಲಿ ಹೊರುತ್ತೆ, ಅಷ್ಟು ಜಾಸ್ತಿ ಜಾಗ ಸಿಕ್ತು. ಬೋಲ್ಟ್ ಪ್ರತಿಸಲ ಉಜ್ಜೋದು ಸ್ಟೀಲನ್ನ, ಅಲ್ಯೂಮಿನಿಯಮ್ಮನ್ನಲ್ಲ, ಹಾಗಾಗಿ ಬಿಚ್ಚಿ ಹಾಕಿದಷ್ಟೂ ಸವೆಯೋ ತಲೆನೋವೂ ಹೋಯ್ತು. ಇನ್ನೂ ಒಂದಿದೆ, ಮಾಮೂಲಿ ಥ್ರೆಡ್ಡಲ್ಲಿ ಮೊದಲನೇ ಸುತ್ತೊಂದೇ ಮೂರನೇ ಒಂದು ಪಾಲಿನಷ್ಟು ಲೋಡ್ ತಗೊಳ್ಳುತ್ತೆ, ಕೆಳಗಿನವು ಆರಾಮಾಗಿ ಕೂತಿರ್ತವೆ. ವೈರ್ ಸ್ವಲ್ಪ ಬಾಗುತ್ತಲ್ಲ, ಅದಕ್ಕೇ ಭಾರ ಕೆಳಗಿನ ಸುತ್ತುಗಳಿಗೂ ಹಂಚಿಹೋಗುತ್ತೆ. ಅದಕ್ಕೇ ಹೇಳಿದ್ದು ಗಟ್ಟಿ ಅಂತ.

ನಂಬಿಕೆ ಇಲ್ವಾ, ವಿಮಾನದ ಎಂಜಿನ್ ನೋಡಿ. ಲೈಕಮಿಂಗ್ ಕಂಪನಿಯ ಎಂಜಿನ್‌ಗಳ ಸಿಲಿಂಡರ್ ಹೆಡ್ಡಲ್ಲಿ ಸ್ಪಾರ್ಕ್ ಪ್ಲಗ್ ತೂತಿಗೆ ಫ್ಯಾಕ್ಟರಿಯಿಂದಲೇ ಹೆಲಿಕಾಯಿಲ್ ಹಾಕಿ ಕಳಿಸ್ತಾರೆ. ಏನೂ ಹಾಳಾಗಿಲ್ಲ, ಹೊಚ್ಚ ಹೊಸ ಹೆಡ್ಡಿಗೇ! ಅಷ್ಟು ಎತ್ತರದಲ್ಲಿ ಹಾರೋರು ನಂಬಿದ ಮೇಲೆ ನಿಮ್ಮ ಚೈನ್ ಕವರ್ ಬೋಲ್ಟಿಗೆ ಏನು ಅನುಮಾನ?

ನನ್ನ ಹಳೇ ಬೈಕಿನ ಸೈಲೆನ್ಸರ್ ಸ್ಟಡ್ (ತಲೆ ಇಲ್ಲದ ಬೋಲ್ಟು) ಒಂದು ಥ್ರೆಡ್ ಸಮೇತ ಈಚೆ ಬಂದಿತ್ತು, ಸ್ಟಡ್ ಸುತ್ತಲೂ ಅಲ್ಯೂಮಿನಿಯಂ ಸಿಪ್ಪೆ ಬೆಳ್ಳಿ ನೂಲಿನ ಹಾಗೆ ಸುತ್ಕೊಂಡಿತ್ತು. ನೋಡಿದೋರೆಲ್ಲ ಹೆಡ್ ಬದಲಾಯಿಸಿ ಅಂದ್ರು. ನಾನು ಎಂ8 ಕಿಟ್ ತಂದೆ, ಟ್ಯಾಪಿಗೆ ಸೀಮೆಎಣ್ಣೆ ಹಚ್ಚಿ ಅರ್ಧ ಸುತ್ತು ಮುಂದೆ ಕಾಲು ಸುತ್ತು ಹಿಂದೆ ಮಾಡ್ತಾ ನಿಧಾನಕ್ಕೆ ಹೊಡೆದೆ, ಇನ್ಸರ್ಟ್ ಇಳಿಸಿದೆ. ಅಲ್ಲಿಂದೀಚೆಗೆ ಆ ಸೈಲೆನ್ಸರ್ ಎಷ್ಟು ಸಲ ಬಿಚ್ಚಿದೀನೋ ಲೆಕ್ಕ ಇಟ್ಟಿಲ್ಲ, ಪಕ್ಕದ ಒರಿಜಿನಲ್ ಸ್ಟಡ್ ಸಡಿಲ ಆಯ್ತು, ಇದು ಜಪ್ಪಯ್ಯ ಅಂದ್ರೂ ಅಲ್ಲಾಡಿಲ್ಲ.

ವಿರೋಧದೋರದ್ದು ಒಂದೇ ರಾಗ, ಇದು ಬರೀ ಸ್ಪ್ರಿಂಗು, ಎಳೆದ್ರೆ ಬಿಚ್ಕೊಂಡು ಬರುತ್ತೆ ಅಂತ. ಬಾಲ್ ಪೆನ್ನಿನ ಸ್ಪ್ರಿಂಗ್ ತುರುಕಿದ್ರೆ ಬರುತ್ತೆ ಸ್ವಾಮಿ, ನಾವು ಹೇಳ್ತಿರೋದು ಅದನ್ನಲ್ಲ.

ವಿರೋಧ: ಎಲ್ಲಾ ತೂತಿಗೂ ಅದೇ ಮದ್ದಾ?

ವಿರೋಧ ಬರೆಯೋಕೆ ಯಾರೂ ಒಪ್ಲಿಲ್ಲ ಅಂತ ನನ್ನ ತಲೆಗೆ ಕಟ್ಟಿದಾರೆ. ನನ್ನ ಟೂಲ್ ಬಾಕ್ಸಲ್ಲೂ ಎಂ6 ಕಿಟ್ ಇದೆ ಅನ್ನೋದನ್ನ ಮೊದಲೇ ಹೇಳಿಬಿಡ್ತೀನಿ, ಆಮೇಲೆ ಯಾರಾದ್ರೂ ಫೋಟೋ ತೆಗೆದು ಹಾಕೋದು ಬೇಡ.

ಆದ್ರೂ ಹೇಳೋಕೆ ವಿಷಯ ಇದೆ. ಮೊದಲನೇದು, ಗಟ್ಟಿ ಗಟ್ಟಿ ಅಂತ ಅಷ್ಟು ಸಲ ಹೇಳಿದಾರಲ್ಲ, ಅದು ಟ್ಯಾಪ್ ನೆಟ್ಟಗೆ ಹೋದ್ರೆ ಮಾತ್ರ. ಕೈಯಲ್ಲಿ ಹಿಡ್ಕೊಂಡ ಡ್ರಿಲ್ ಒಂಚೂರು ವಾರೆ ಆದ್ರೂ ಬೋಲ್ಟ್ ವಾರೆ, ತಲೆ ಒಂದೇ ಕಡೆ ಕೂರುತ್ತೆ. ಸೊಟ್ಟ ತೂತು ದೊಡ್ಡದಾದ್ಮೇಲೆ ಮತ್ತೆ ಚಿಕ್ಕದಾಗಲ್ಲ. ವಿಮಾನದೋರು ಹಾಕ್ತಾರಂತೆ, ಹಾಕ್ಲಿ, ಅವರ ಹತ್ರ ಡ್ರಿಲ್ಲನ್ನ ನೆಟ್ಟಗೆ ಹಿಡಿಯೋ ಜಿಗ್ ಇದೆ, ಇನ್‌ಸ್ಪೆಕ್ಷನ್ ಇದೆ, ನಮ್ಮ ಹತ್ರ ಇರೋದು ನೆಲದ ಮೇಲೆ ಬಗ್ಗಿ ಕೂತಿರೋ ಮನುಷ್ಯ ಒಬ್ಬ.

ಎರಡನೇದು ಬಿಸಿ. ಒಂದು ಮೀಟರ್ ಅಲ್ಯೂಮಿನಿಯಂ ಒಂದು ಡಿಗ್ರಿ ಬಿಸಿಗೆ ಸುಮಾರು 23 ಮೈಕ್ರಾನ್ ಹಿಗ್ಗುತ್ತೆ, ಈ ಸ್ಟೇನ್‌ಲೆಸ್ 17ರಷ್ಟು. ಹೆಡ್ ಕಾದಾಗ ತೂತು ತಂತಿಗಿಂತ ಜಾಸ್ತಿ ಅಗಲ ಆಗುತ್ತೆ, ಹಿಡಿತ ಸ್ವಲ್ಪ ಸಡಿಲ ಆಗಬಹುದು. ಅದರ ಜತೆಗೆ ಉಪ್ಪುನೀರು ಬೀಳೋ ಜಾಗ ಆಗಿದ್ರೆ ಸ್ಟೇನ್‌ಲೆಸ್ ಪಕ್ಕದ ಅಲ್ಯೂಮಿನಿಯಂ ತುಕ್ಕು ಹಿಡಿದು ಬಿಳಿ ಪುಡಿ ಆಗ್ತಾ ಹೋಗುತ್ತೆ.

ಸ್ಪಾರ್ಕ್ ಪ್ಲಗ್ ವಿಷಯ ಬಂದ್ರೆ ನನಗೆ ನಿಜವಾಗ್ಲೂ ಸಿಟ್ಟು ಬರುತ್ತೆ. ನಾನೊಂದು ಸೆಕೆಂಡ್ ಹ್ಯಾಂಡ್ ಎಂಜಿನ್ ತಗೊಂಡೆ, ಮಾರಿದೋರು ಟಾಪ್ ಕಂಡೀಷನ್ ಅಂದಿದ್ರು. ಪ್ಲಗ್ ಬಿಚ್ಚೋಕೆ ಹೋದ್ರೆ ಮೊದಲು ಬಿಗಿ, ಆಮೇಲೆ ಒಂಥರಾ ಕರಕರ ಅಂತ ತಿರುಗ್ತಾ ಬಂತು. ಈಚೆ ತೆಗೆದು ನೋಡ್ತೀನಿ, ಪ್ಲಗ್ಗಿನ ಥ್ರೆಡ್ಡಿಗೆ ಪೂರ್ತಿ ತಂತಿ ಸುತ್ಕೊಂಡಿದೆ, ಮಸಿ ಮೆತ್ಕೊಂಡು ಎರಡೂ ಒಂದೇ ಆಗ್ಬಿಟ್ಟಿವೆ! ಹಾಕಿದೋರು ಯಾರೋ ಏನೋ, ನಾಲಿಗೆ ಮುರಿದ ಗುರುತಿತ್ತು, ಮುರಿದ ತುಂಡನ್ನ ಈಚೆ ತೆಗೆದಿದ್ರೋ ಸಿಲಿಂಡರ್ ಒಳಗೆ ಬಿಟ್ಟಿದ್ರೋ ಆ ದೇವರಿಗೇ ಗೊತ್ತು. ಆ ರಾತ್ರಿ ಟಾರ್ಚ್ ಹಿಡ್ಕೊಂಡು ಪ್ಲಗ್ ತೂತಲ್ಲಿ ಮ್ಯಾಗ್ನೆಟ್ ಆಡಿಸಿದೆ, ಹತ್ತು ನಿಮಿಷ ಆದ್ಮೇಲೆ ನೆನಪಾಯ್ತು ಈ ಜಾತಿ ಸ್ಟೇನ್‌ಲೆಸ್ ಮ್ಯಾಗ್ನೆಟ್‌ಗೆ ಸರಿಯಾಗಿ ಹಿಡಿಯಲ್ಲ ಅಂತ. ಕೊನೆಗೆ ಹೆಡ್ಡೇ ಬಿಚ್ಚಬೇಕಾಯ್ತು. ಪಿಸ್ಟನ್ ಮೇಲೆ ತುಂಡೇನೂ ಇರ್ಲಿಲ್ಲ ಅನ್ನಿ, ಆದ್ರೆ ಹೆಡ್ ಗ್ಯಾಸ್ಕೆಟ್ ಹೊಸದು ಹಾಕಬೇಕಾಯ್ತು, ಭಾನುವಾರ ಪೂರ್ತಿ ಹೋಯ್ತು.

ಅಂಥ ಜಾಗಕ್ಕೆ ಗಟ್ಟಿ ಬುಷ್ ಇದೆ, ಟೈಮ್‌ಸರ್ಟ್ ಥರದ್ದು. ಇಡೀ ಸ್ಟೀಲ್ ಕೊಳವೆ, ಮೇಲ್ಗಡೆ ಚಿಕ್ಕ ಕಾಲರ್ ಇರುತ್ತೆ ಅದಕ್ಕೇ ತೀರಾ ಒಳಗೆ ಇಳಿಯಲ್ಲ, ಡ್ರೈವರ್ ತಿರುಗಿಸಿದಾಗ ಬುಡದ ಸುತ್ತುಗಳು ಹೊರಗೆ ಉಬ್ಬಿ ಲಾಕ್ ಆಗುತ್ತೆ. ಪ್ಲಗ್ ಜತೆ ಸುಲಭಕ್ಕೆ ಬರಲ್ಲ. ಗೋಡೆ ತೆಳ್ಳಗಿರೋ ಕಡೆ ಬುಷ್ಷಿಗೆ ಜಾಗ ಸಾಲಲ್ಲ, ವೈರ್ ಹಿಡಿಸುತ್ತೆ, ಇದು ಅವರ ಕಡೆ ಪಾಯಿಂಟು, ನಾನು ಯಾಕೆ ಬರೀತಿದೀನೋ.

ಬರೀ ಕವರ್ ಬೋಲ್ಟ್ ಆದ್ರೆ ಇನ್ನೂ ಸುಲಭದ ದಾರಿ ಇದೆ. ತೂತು ಆಳ ಇದ್ದು ಮೇಲಿನ ನಾಲ್ಕು ಸುತ್ತು ಮಾತ್ರ ಹೋಗಿದ್ರೆ, ಕೆಳಗೆ ಒಳ್ಳೇ ಥ್ರೆಡ್ ಇನ್ನೂ ಇರುತ್ತೆ. ಒಂದು ತಂತಿ ಇಳಿಸಿ ಆಳ ನೋಡಿ, ಆ ಆಳಕ್ಕೆ ಹೊಂದೋ ಉದ್ದದ ಬೋಲ್ಟ್ ಹಾಕಿ ನೋಡಿ. ಅದೂ ಹಿಡೀಲಿಲ್ಲ ಅಂದ್ರೆ ಬನ್ನಿ, ನನ್ನ ಕಿಟ್ ಕೊಡ್ತೀನಿ. ಟ್ಯಾಪ್ ಮುರೀಬೇಡಿ.