ಯಾರು ಗೆಲ್ಲುತ್ತಾರೆ ಎನ್ನುವ ಮೊದಲು ಜೋಡಿ ಕಟ್ಟಿ

ಕರಾಟೆಯವನೂ ಕುಸ್ತಿಯವನೂ ಎದುರಾಬದುರಾದರೆ ಗೆಲ್ಲುವವರು ಯಾರು? ಮೈಸೂರಿನಲ್ಲಿ ಹೊಡೆದಾಟದ ಕಲೆ ಕಲಿತ ನಾಲ್ಕು ಜನ ಟೀ ಅಂಗಡಿಯ ಮುಂದೆ ನಿಂತರೆ ಲೋಟ ಖಾಲಿಯಾಗುವುದರೊಳಗೆ ಈ ಪ್ರಶ್ನೆ ಬಂದೇ ಬರುತ್ತದೆ. ಅದರ ಹಿಂದೆಯೇ ಯಾರಾದರೊಬ್ಬರ ಗುರುವಿನ ಹೆಸರು ಬರುತ್ತದೆ. ಗುರುವಿನ ಹೆಸರು ಬಂದ ಮೇಲೆ ಚರ್ಚೆ ಎಲ್ಲಿಯದು? ಅಲ್ಲಿಂದಾಚೆಗೆ ನಡೆಯುವುದು ಜಗಳ.

ನಾನು ಕರಾಟೆಯವನು, ಷೋಟೊಕಾನ್ ಶೈಲಿ. ಸಂಜೆ ಹೊತ್ತು ಮಕ್ಕಳಿಗೆ ಹೇಳಿಕೊಡುತ್ತೇನೆ. ನಮ್ಮ ಬಡಾವಣೆಯ ಹತ್ತಿರವೇ ಒಂದು ಗರಡಿ ಇರುವುದರಿಂದ ಪೈಲ್ವಾನರ ಒಡನಾಟವೂ ಇದೆ. ಈ ಜಗಳವನ್ನು ಎರಡೂ ಕಡೆಯಿಂದ ಕೇಳಿ ಕೇಳಿ ಬೇಸತ್ತು ಇದನ್ನು ಬರೆಯುತ್ತಿದ್ದೇನೆ. ಉದ್ದವಾಗುತ್ತದೆ, ಪುರುಸೊತ್ತಿದ್ದವರು ಓದಿ.

ದಸರಾ ಕುಸ್ತಿಗೆ ಮುಂಚೆ ನಮ್ಮೂರಿನಲ್ಲಿ ಜೋಡಿ ಕಟ್ಟುವ ಕಾರ್ಯಕ್ರಮ ನಡೆಯುತ್ತದೆ. ಸುತ್ತಮುತ್ತಲ ಊರುಗಳ ಪೈಲ್ವಾನರು ಬಂದು ಸೇರುತ್ತಾರೆ. ಹಿರಿಯರು ಅವರ ತೂಕ, ಮೈಕಟ್ಟು, ಅನುಭವ ನೋಡಿ ಇವನಿಗೆ ಇವನು ಸರಿ ಎಂದು ಇಬ್ಬರನ್ನು ಎದುರು ನಿಲ್ಲಿಸುತ್ತಾರೆ. ಇಬ್ಬರೂ ಒಪ್ಪಿ ಕೈ ಕುಲುಕಿದರೆ ಜೋಡಿ ಆಯಿತು. ಒಪ್ಪದಿದ್ದರೆ ಬೇರೆ ಜೋಡಿ. ಇದನ್ನು ಯಾರೂ ಹೇಡಿತನ ಎನ್ನುವುದಿಲ್ಲ. ಮಣ್ಣಿನ ಮೇಲೆ ಇಷ್ಟೊಂದು ವಿವೇಕ ತೋರಿಸುವ ನಾವು ಮಾತಿಗೆ ಕುಳಿತಾಗ ಮಾತ್ರ ಯಾವ ಅಖಾಡ, ಯಾವ ನಿಯಮ, ಯಾವ ಉದ್ದೇಶ ಎಂದು ಕೇಳದೆ ಒಂದು ಕಲೆಯನ್ನು ಇನ್ನೊಂದರ ಮೇಲೆ ಬಿಡುತ್ತೇವೆ. ನಮ್ಮ ಜಗಳಗಳಲ್ಲಿ ಹೆಚ್ಚಿನವು ಜೋಡಿ ಕಟ್ಟದೆ ಆಡಿಸಿದ ಕುಸ್ತಿಗಳು.

ನಮ್ಮ ನಾಡಕುಸ್ತಿಯಲ್ಲಿ ಬೆನ್ನು ಮಣ್ಣಿಗೆ ತಾಗಿದರೆ ಚಿತ್, ಆಟ ಮುಗಿಯಿತು. ಆದ್ದರಿಂದ ಕೆಳಗೆ ಬಿದ್ದ ಪೈಲ್ವಾನ ಪ್ರಾಣ ಹೋದರೂ ಬೆನ್ನು ಮಣ್ಣಿಗೆ ತಾಗಿಸುವುದಿಲ್ಲ, ಬೋರಲಾಗಿ ನೆಲಕ್ಕೆ ಅಂಟಿಕೊಳ್ಳುತ್ತಾನೆ. ನೆಲದ ಮೇಲೆ ಹಿಡಿತ ಹಾಕಿ ಸೋಲೊಪ್ಪಿಸುವ ಬ್ರೆಜಿಲಿಯನ್ ಜಿಯು-ಜಿಟ್ಸುವಿನಲ್ಲಿ ಲೆಕ್ಕವೇ ತಲೆಕೆಳಗು. ಅಲ್ಲಿ ಬೋರಲಾಗಿ ಮಲಗಿದವನ ಬೆನ್ನೇರಿ ಕುತ್ತಿಗೆಗೆ ಕೈ ಸುತ್ತುತ್ತಾರೆ. ಅಂಗಾತ ಮಲಗಿ ಎದುರಾಳಿಯನ್ನು ಕಾಲುಗಳ ನಡುವೆ ಹಿಡಿದಿಟ್ಟುಕೊಂಡವನಿಗೆ ಆಟ ಇನ್ನೂ ಕೈಯಲ್ಲೇ ಇರುತ್ತದೆ. ಗರಡಿಯಲ್ಲಿ ಒಮ್ಮೆ ಇದರ ವಿಡಿಯೊ ನೋಡುತ್ತಿದ್ದ ಹಿರಿಯ ಪೈಲ್ವಾನರೊಬ್ಬರು, "ಅಲ್ಲಪ್ಪಾ, ಇವನು ತಾನೇ ಹೋಗಿ ಚಿತ್ ಆಗುತ್ತಾನಲ್ಲ!" ಎಂದು ಬಿದ್ದು ಬಿದ್ದು ನಕ್ಕರು. ವಿಡಿಯೊ ತೋರಿಸಿದ ಹುಡುಗ ಹಿಂದಿನ ವಾರ ಕುಸ್ತಿ ನೋಡುತ್ತಾ, ಇವರು ಯಾಕೆ ಬೋರಲು ಮಲಗಿ ಎದುರಾಳಿಗೆ ಸುಮ್ಮನೆ ಬೆನ್ನು ಒಪ್ಪಿಸುತ್ತಾರೆ ಎಂದು ನಕ್ಕಿದ್ದ. ಇಬ್ಬರ ನಗುವಿಗೂ ಕಾರಣವಿತ್ತು. ಇಬ್ಬರೂ ತಮ್ಮ ಅಖಾಡದ ನಿಯಮವನ್ನು ಇನ್ನೊಬ್ಬರ ಅಖಾಡಕ್ಕೆ ಹೊತ್ತುಕೊಂಡು ಹೋಗಿದ್ದರು, ಅಷ್ಟೇ.

ಉಳಿದ ಕಲೆಗಳದ್ದೂ ಇದೇ ಕಥೆ. ಕ್ಯೊಕುಶಿನ್ ಕರಾಟೆಯ ಸ್ಪರ್ಧೆಯಲ್ಲಿ ಬರಿಗೈಯಲ್ಲಿ ಎದೆ, ಹೊಟ್ಟೆಗೆ ಪೂರ್ತಿ ಬಲದಿಂದ ಗುದ್ದಬಹುದು, ಆದರೆ ಮುಖಕ್ಕೆ ಕೈಯಿಂದ ಹೊಡೆಯುವಂತಿಲ್ಲ. ಒಲಿಂಪಿಕ್ಸ್‌ನ ಟೇಕ್ವಾಂಡೊದಲ್ಲಿ ತಲೆಗೆ ಒದ್ದರೆ ಅಂಕ, ಮುಖಕ್ಕೆ ಗುದ್ದಿದರೆ ತಪ್ಪು. ಗ್ರೀಕೊ-ರೋಮನ್ ಕುಸ್ತಿಯಲ್ಲಿ ಸೊಂಟದ ಕೆಳಗೆ ಹಿಡಿಯುವ ಹಾಗೇ ಇಲ್ಲ. ಆಯಾ ನಿಯಮದೊಳಗೆ ವರ್ಷಗಟ್ಟಲೆ ಬೆವರು ಸುರಿಸಿದವನ ಮೈ ಆ ನಿಯಮಕ್ಕೆ ತಕ್ಕಂತೆ ಬಾಗಿರುತ್ತದೆ. ಟೇಕ್ವಾಂಡೊ ಹುಡುಗಿ ಕೈ ಕೆಳಗಿಟ್ಟು ನಿಂತಿದ್ದಾಳೆ ಎಂದು ಬಾಕ್ಸಿಂಗ್ ಕಲಿತವರು ಆಡಿಕೊಂಡರೆ ಅವಳ ಕಾಲು ಎಷ್ಟು ದೂರದಿಂದ ತಲೆಗೆ ಬರುತ್ತದೆ ಎಂಬುದು ಅವರಿಗೆ ಗೊತ್ತಿಲ್ಲವೆಂದೇ ಅರ್ಥ.

ಎರಡು ಕಲೆಗಳನ್ನು ಎದುರು ನಿಲ್ಲಿಸಿದರೆ ಸತ್ಯ ಹೊರಬೀಳುತ್ತದೆ ಎನ್ನುವವರಿಗೆ 1976ರ ಜೂನ್ 26ರಂದು ಟೋಕಿಯೊದಲ್ಲಿ ನಡೆದದ್ದನ್ನು ನೆನಪಿಸುತ್ತೇನೆ. ಒಂದು ಕಡೆ ಬಾಕ್ಸಿಂಗ್‌ನ ಮುಹಮ್ಮದ್ ಅಲಿ, ಇನ್ನೊಂದು ಕಡೆ ಜಪಾನಿನ ಕುಸ್ತಿಪಟು ಆಂಟೊನಿಯೊ ಇನೊಕಿ. ಹದಿನೈದು ಸುತ್ತು. ಇನೊಕಿ ಹೆಚ್ಚು ಹೊತ್ತು ನೆಲದ ಮೇಲೆ ಮಲಗಿಕೊಂಡೇ ಅಲಿಯ ಕಾಲಿಗೆ ಒದ್ದರು. ಅಲಿಯ ಗುದ್ದುಗಳು ಬೆರಳೆಣಿಕೆಗೆ ಸಿಗುವಷ್ಟು. ಫಲಿತಾಂಶ ಸಮ. ಒದೆ ತಿಂದ ಕಾಲಿಗೆ ಅಲಿ ಆಮೇಲೆ ಆಸ್ಪತ್ರೆ ಸೇರಬೇಕಾಯಿತು. ಇದರಿಂದ ಬಾಕ್ಸಿಂಗ್ ದೊಡ್ಡದೋ ಕುಸ್ತಿ ದೊಡ್ಡದೋ ತಿಳಿಯಿತೇ? ನಿಯಮದ ಹಗ್ಗಜಗ್ಗಾಟದಲ್ಲಿ ಇಬ್ಬರು ಮಹಾನ್ ಆಟಗಾರರು ಎಷ್ಟು ಸಪ್ಪೆಯಾಗಬಲ್ಲರು ಎಂಬುದು ತಿಳಿಯಿತು.

ನನಗೆ ಇದಕ್ಕಿಂತ ಪ್ರಿಯವಾದ ಕಥೆ 1951ರದು. ಜಪಾನಿನ ಜೂಡೊ ಪಟು ಮಸಾಹಿಕೊ ಕಿಮುರಾ ಬ್ರೆಜಿಲ್‌ನ ರಿಯೊ ನಗರದಲ್ಲಿ ಅಲ್ಲಿಯ ಜಿಯು-ಜಿಟ್ಸು ಪಟು ಹೆಲಿಯೊ ಗ್ರೇಸಿಯೊಂದಿಗೆ ಸೆಣಸಿದರು. ಕಿಮುರಾ ತೋಳನ್ನು ತಿರುಚಿ ಹಿಡಿದರು. ಹೆಲಿಯೊ ಸೋಲೊಪ್ಪಲಿಲ್ಲ, ಕೈ ಮುರಿಯಿತು, ಆಗಲೂ ಒಪ್ಪಲಿಲ್ಲ, ಕೊನೆಗೆ ಅವರ ಕಡೆಯವರೇ ಪಂದ್ಯ ನಿಲ್ಲಿಸಿದರು. ಆಮೇಲೆ ನಡೆದದ್ದು ಮುಖ್ಯ. ಸೋತ ಕಡೆಯವರು ತಮ್ಮವನ ಕೈ ಮುರಿದ ಆ ಹಿಡಿತಕ್ಕೆ ಗೆದ್ದವನ ಹೆಸರನ್ನೇ ಇಟ್ಟರು. ಇಂದಿಗೂ ಜಿಯು-ಜಿಟ್ಸು ಕಲಿಯುವ ಮಕ್ಕಳು ಅದನ್ನು 'ಕಿಮುರಾ' ಎಂದೇ ಕಲಿಯುತ್ತಾರೆ. ನಮ್ಮಲ್ಲಾದರೆ ಏನಾಗುತ್ತಿತ್ತು ಎಂದು ಯೋಚಿಸಿದೆ. ತೀರ್ಪುಗಾರ ಅವರ ಕಡೆಯವನು ಎಂದು ಎರಡು ತಲೆಮಾರು ಹೇಳಿಕೊಂಡು ತಿರುಗುತ್ತಿದ್ದೆವು.

ಹಾಗಾದರೆ ಎಲ್ಲರೂ ಎಲ್ಲರನ್ನೂ ಹೊಗಳಿಕೊಂಡು ಕೂರಬೇಕೇ? ಖಂಡಿತ ಬೇಡ. ಮುಟ್ಟದೆಯೇ ಬೀಳಿಸುತ್ತೇನೆ ಎನ್ನುವವರಿದ್ದಾರೆ, ಕೆಲವೇ ತಿಂಗಳಲ್ಲಿ ಕಪ್ಪು ಬೆಲ್ಟ್ ಕೊಡುವವರಿದ್ದಾರೆ. ಅಂಥವರನ್ನು ಮುಖಕ್ಕೆ ಮುಖ ಕೊಟ್ಟು ಕೇಳಬೇಕು. 2017ರಲ್ಲಿ ಚೀನಾದಲ್ಲಿ ಷು ಷಿಯಾವ್‌ದೊಂಗ್ ಎಂಬ ಮಿಶ್ರ ಸಮರಕಲೆಯ ಪಟು, ನಿಧಾನ ಚಲನೆಯ ಚೀನೀ ಕಲೆಯಾದ ತಾಯ್‌ಚಿಯ ಗುರು ಎನಿಸಿಕೊಂಡಿದ್ದ ವೇ ಲೇ ಎಂಬುವರನ್ನು ಅರ್ಧ ನಿಮಿಷವೂ ಆಗುವುದರೊಳಗೆ ಕೆಡವಿದರು. ಒಬ್ಬರ ಬಡಾಯಿ ಬಯಲಾಯಿತು, ಒಳ್ಳೆಯದೇ. ಆದರೆ ಆ ವಿಡಿಯೊ ಹಿಡಿದುಕೊಂಡು ಬೆಳಗ್ಗೆ ಉದ್ಯಾನದಲ್ಲಿ ಮಂಡಿನೋವಿಗೆ, ಮೈ ತೂಗದಂತೆ ನಿಲ್ಲುವ ಅಭ್ಯಾಸಕ್ಕೆ ತಾಯ್‌ಚಿ ಮಾಡುವ ನಿವೃತ್ತ ಮೇಷ್ಟ್ರನ್ನು ಗೇಲಿ ಮಾಡುವುದು ಯಾವ ನ್ಯಾಯ? ಅವರು ಯಾರನ್ನಾದರೂ ಕೆಡವುತ್ತೇನೆ ಎಂದಿದ್ದರೇ? ಹೇಳಿದ ಮಾತಿಗೆ ಪುರಾವೆ ಕೇಳಿ, ಹೇಳದ ಮಾತಿಗೆ ಕೇಳಬೇಡಿ.

ಮುಷ್ಟಿಗೆ ಮೊನಚಾದ ಆಯುಧ ತೊಟ್ಟು ಆಡುವ ವಜ್ರಮುಷ್ಟಿ ಕಾಳಗದ ಬಗ್ಗೆಯೂ ಇಂಥದೇ ಮಾತು ಪ್ರತಿ ವಿಜಯದಶಮಿಗೆ ಕೇಳುತ್ತೇನೆ. ಅರಮನೆಯಲ್ಲಿ ಜಂಬೂಸವಾರಿಗೆ ಮುನ್ನ ತಲೆ ಬೋಳಿಸಿಕೊಂಡ ಜಟ್ಟಿಗಳು ಎದುರಾಗುತ್ತಾರೆ, ತಲೆಯಲ್ಲಿ ರಕ್ತ ಕಾಣಿಸಿಕೊಂಡ ಕೂಡಲೇ ನಿಲ್ಲಿಸುತ್ತಾರೆ. ಕಿಕ್‌ಬಾಕ್ಸಿಂಗ್ ಹುಡುಗರಿಗೆ ಇದು ಸಪ್ಪೆ: "ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯಿತಲ್ಲ ಸರ್, ಇದೇನು ಫೈಟು?" ಅದು ಪೂಜೆಯ ಭಾಗ ಕಣಪ್ಪಾ. ಮೊದಲ ರಕ್ತಕ್ಕೆ ನಿಲ್ಲಿಸುವುದೇ ಅದರ ಕಟ್ಟಳೆ. ಜಟ್ಟಿ ಮನೆತನದವರು ಆ ಕೆಲವು ಕ್ಷಣಗಳಿಗಾಗಿ ಎಷ್ಟು ದಿನ ಮೊದಲಿನಿಂದ ಸಿದ್ಧರಾಗುತ್ತಾರೆ ಎಂದು ಒಮ್ಮೆ ಹೋಗಿ ಕೇಳಿಕೊಂಡು ಬಾ, ಆಮೇಲೆ ಮಾತನಾಡೋಣ.

ಇಷ್ಟಾದರೂ ನಿಯಮದ ತಿಳಿವಳಿಕೆಯೊಂದರಿಂದ ಈ ಜಗಳ ತೀರುವುದಿಲ್ಲ ಎಂಬುದು ನನ್ನ ಅನುಮಾನ. ಅದರ ಅಡಿಯಲ್ಲಿ ಅಂತಸ್ತಿನ ಪ್ರಶ್ನೆ ಇದೆ. ಕರಾಟೆ ತರಗತಿಗೆ ತಿಂಗಳ ಶುಲ್ಕ, ಬಿಳಿ ಸಮವಸ್ತ್ರ, ಪ್ರತಿ ಬೆಲ್ಟ್ ಪರೀಕ್ಷೆಗೂ ಬೇರೆ ಹಣ. ಗರಡಿಯಲ್ಲಿ ಅರಿಶಿನ, ತುಪ್ಪ, ಮಜ್ಜಿಗೆ ಬೆರೆಸಿ ಹದ ಮಾಡಿದ ಕೆಮ್ಮಣ್ಣು, ಹನುಮಂತನ ಪಟ, ಉಸ್ತಾದರ ಬೈಗುಳ. ಮಣ್ಣಿಗೆ ಹಣ ಸಾಲದಾದರೆ ಮೊಹಲ್ಲಾದವರೇ ಸೇರಿಸಿ ಕೊಡುತ್ತಾರೆ. ಲಂಗೋಟಿ ಕಟ್ಟಿ ಮಣ್ಣಿನಲ್ಲಿ ಹೊರಳಾಡುವವರು ಎಂದು ಮೂಗು ಮುರಿಯುವ ಪೋಷಕರನ್ನು ನಾನು ಕಂಡಿದ್ದೇನೆ. ಅತ್ತ ಕಡೆಯಿಂದ ಪೈಲ್ವಾನರೂ ಎದುರಾಳಿ ಇಲ್ಲದೆ ಮಾಡುವ ನಮ್ಮ ಕಟಾ ಅಭ್ಯಾಸಕ್ಕೆ "ಗಾಳಿಗೆ ಗುದ್ದಾಟ" ಎನ್ನುತ್ತಾರೆ. ಗದೆ ತಿರುಗಿಸುವಾಗ ಎದುರಿಗೆ ಯಾರಿರುತ್ತಾರೆ ಎಂದು ನಾನು ಕೇಳಿದರೆ ಮಾತ್ರ ಒಂದು ಗಳಿಗೆ ಸುಮ್ಮನಾಗುತ್ತಾರೆ.

ಇನ್ನೂ ಕೆಟ್ಟದ್ದು ಒಂದೇ ಕಲೆಯವರ ಒಳಜಗಳ. ಕರಾಟೆಯವರಾದ ನಮ್ಮಲ್ಲಿ ಒಂದು ಸಂಸ್ಥೆಯ ಬೆಲ್ಟನ್ನು ಇನ್ನೊಂದು ಸಂಸ್ಥೆ ಒಪ್ಪುವುದಿಲ್ಲ. ಮನೆ ಬದಲಿಸಿ ನಗರದ ಇನ್ನೊಂದು ಮೂಲೆಗೆ ಹೋದ ನನ್ನ ಶಿಷ್ಯನೊಬ್ಬನಿಗೆ ಅಲ್ಲಿಯ ತರಬೇತುದಾರರು ಮೊದಲ ದಿನವೇ ಹಸಿರು ಬೆಲ್ಟ್ ಬಿಚ್ಚಿಸಿದರು. ಬಿಳಿಯಿಂದ ಶುರು ಮಾಡಿಸಲಿ, ಅದು ಅವರ ಪದ್ಧತಿ. ಆದರೆ ಇಷ್ಟು ದಿನ ಕಲಿತದ್ದೆಲ್ಲ ಕಸ ಎಂದು ಹನ್ನೊಂದು ವರ್ಷದ ಹುಡುಗನಿಗೆ ಎಲ್ಲರ ಮುಂದೆ ಹೇಳುವ ಅಗತ್ಯವೇನಿತ್ತು? ಹುಡುಗ ಕರಾಟೆಯನ್ನೇ ಬಿಟ್ಟ. ನಿಲುವು ತಪ್ಪಿದ್ದರೆ ನಿಲುವು ತಿದ್ದಿ. ಸೊಂಟ ತಿರುಗದೆ ಗುದ್ದಿದರೆ ಅದನ್ನು ಹೇಳಿ. ಹೇಳಿಕೊಟ್ಟವರ ಸುದ್ದಿಗೆ ಹೋಗಬೇಡಿ, ಅದೂ ಮಕ್ಕಳ ಎದುರು.

ನಮ್ಮ ತರಗತಿಗೆ ಈಗ ಆಗಾಗ ಭಾನುವಾರ ಬೇರೆ ಕಲೆಯವರನ್ನು ಕರೆಯುತ್ತಿದ್ದೇವೆ. ಷರತ್ತು ಒಂದೇ: ಮೊದಲ ಅರ್ಧ ಗಂಟೆ ಅವರು ಹೇಳಿದ್ದನ್ನು ನಾವು ಮಾಡಬೇಕು, ನಂತರದ ಅರ್ಧ ಗಂಟೆ ನಾವು ಹೇಳಿದ್ದನ್ನು ಅವರು. ಅಭಿಪ್ರಾಯ ಹೇಳುವುದು ಅದಾದ ಮೇಲೆ, ಕಾಫಿಯ ಜೊತೆ. ಮುಂದಿನ ಸಲ ಗರಡಿಯವರು ಬರುತ್ತಿದ್ದಾರೆ. ಮೈಸೂರು, ಮಂಡ್ಯದ ಕಡೆಯ ಯಾವ ಶೈಲಿಯವರಾದರೂ ಬರಬಹುದು, ಶುಲ್ಕವಿಲ್ಲ. ಬಸ್ಕಿ ಹೊಡೆಯುವ ತಯಾರಿಯಲ್ಲಿ ಬನ್ನಿ. ಉಸ್ತಾದರು ನೂರಕ್ಕೆ ಮೊದಲು ಎಣಿಕೆ ನಿಲ್ಲಿಸುವವರಲ್ಲ.